ಪೂರ್ತಿ ನಿದ್ದೆ ಮಾಡಿಸುವಾಗ ಗಂಟಲಿಗೆ ಸ್ಪ್ರೇ ಯಾಕೆ?

ನಿಮ್ಮ ಅಮ್ಮನಿಗೆ ಎದೆಯ ಗಂಟು ತೆಗೆಯುವ ಆಪರೇಷನ್ ಇದೆ. ಪೂರ್ತಿ ಅನಸ್ತೇಷಿಯಾ ಕೊಡುತ್ತಾರೆ. ಅದಕ್ಕೂ ಮೊದಲು ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರಂತೆ, ಹೇಗಿದ್ದರೂ ಎಚ್ಚರ ಇರಲ್ಲ, ಮತ್ತೆ ಇದ್ಯಾಕೆ ಅಂತ ಕೇಳಿದ್ದೀರಿ. ನಾನು ಅನಸ್ತೇಷಿಯಾ ಡಾಕ್ಟರ್, ಹಾಗಾಗಿ ಇದು ನನ್ನ ದಿನನಿತ್ಯದ ಕೆಲಸವೇ.

ಮನುಷ್ಯನಿಗೆ ನಿದ್ದೆ ಬಂದ ತಕ್ಷಣ ಅವನ ಗಂಟಲಿಗೂ ನಿದ್ದೆ ಬರುವುದಿಲ್ಲ. ಹೆಸರು ಕರೆದರೆ ಉತ್ತರ ಬರದಷ್ಟು ಮಂಪರಿನಲ್ಲಿದ್ದರೂ, ಗಂಟಲ ಹಿಂಭಾಗಕ್ಕೆ ಏನಾದರೂ ತಾಗಿದರೆ ಕೆಮ್ಮು, ವಾಕರಿಕೆ ಬರುತ್ತದೆ. ಜೋರಾದರೆ ಧ್ವನಿತಂತುಗಳು ಗಪ್ಪಂತ ಮುಚ್ಚಿಕೊಳ್ಳುತ್ತವೆ. ನಮಗೆ ಭಯ ಇರುವುದು ಇದರದ್ದೇ, ಯಾಕೆಂದರೆ ಆಗ ಆಕ್ಸಿಜನ್ ಒಳಗೆ ಹೋಗುವುದೇ ಇಲ್ಲ.

ಇಂಥ ಆಪರೇಷನ್‌ಗೆ ಸಾಮಾನ್ಯವಾಗಿ ಲ್ಯಾರಿಂಜಿಯಲ್ ಮಾಸ್ಕ್ ಹಾಕುತ್ತೇವೆ, ಅಂದರೆ ಉಸಿರಾಟಕ್ಕೆ ಬಾಯಿಯ ಮೂಲಕ ಇಳಿಸುವ, ತುದಿಯಲ್ಲಿ ಗಾಳಿ ತುಂಬುವ ಮೆತ್ತನೆಯ ಅಂಚಿರುವ ಕೊಳವೆ. 1981ರಲ್ಲಿ ಲಂಡನ್‌ನಲ್ಲಿ ಆರ್ಚೀ ಬ್ರೇನ್ ಎಂಬ ಡಾಕ್ಟರ್ ಕಂಡುಹಿಡಿದದ್ದು. ಇದು ಶ್ವಾಸನಾಳದೊಳಗೆ ಇಳಿಯುವುದಿಲ್ಲ, ಅದರ ಬಾಯಿಯ ಮೇಲೆ ಕೂರುತ್ತದೆ. ಆದರೆ ಅಲ್ಲಿಗೆ ಮುಟ್ಟಲು ನಾಲಿಗೆಯ ಬುಡ ದಾಟಲೇಬೇಕು.

ನಿದ್ದೆ ಮಾಡಿಸಲು ಕೊಡುವ ಪ್ರೊಪೊಫಾಲ್ ಎಂಬ ಔಷಧಿ ಜಾಸ್ತಿ ಕೊಟ್ಟರೆ ಗಂಟಲೂ ಸುಮ್ಮನಾಗುತ್ತದೆ ನಿಜ. ಆದರೆ ಬಿಪಿ ಕೂಡ ಇಳಿಯುತ್ತದೆ. ಗಟ್ಟಿಮುಟ್ಟಾದ ಹುಡುಗರು ತಡೆದುಕೊಳ್ಳುತ್ತಾರೆ. ವಯಸ್ಸಾದವರಿಗೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಬೇಡದ ತಲೆನೋವು. ಗಂಟಲನ್ನು ಮೊದಲೇ ಮರಗಟ್ಟಿಸಿಕೊಂಡರೆ ಪ್ರೊಪೊಫಾಲ್ ಸ್ವಲ್ಪ ಕಡಿಮೆ ಸಾಕು. ಹಿಂದೆ ಥಯೋಪೆಂಟೋನ್ ಬಳಸುತ್ತಿದ್ದಾಗ ಸ್ಪ್ರೇ ಇನ್ನೂ ಉಪಯೋಗಕ್ಕೆ ಬರುತ್ತಿತ್ತು. ಆ ಔಷಧಿ ನಿದ್ದೆ ಮಾಡಿಸುತ್ತದೆ, ಗಂಟಲನ್ನು ಮಾತ್ರ ಅಷ್ಟಾಗಿ ಅಡಗಿಸುವುದಿಲ್ಲ.

ಸ್ಪ್ರೇಯಲ್ಲಿ ಇರುವುದು 10 ಪರ್ಸೆಂಟ್ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧಿ. ಒಂದು ಸಲ ಒತ್ತಿದರೆ 10 ಮಿಲಿಗ್ರಾಂ. ಅಮ್ಮನಿಗೆ ಬಾಯಿ ದೊಡ್ಡದಾಗಿ ತೆರೆಯಲು ಹೇಳಿ, ಉದ್ದ ಮೂತಿಯಿಂದ ಕಿರುನಾಲಿಗೆಯ ಆಚೀಚೆ ಮೂರ್ನಾಲ್ಕು ಸಲ ಹೊಡೆಯುತ್ತಾರೆ. ಬಾಯೆಲ್ಲ ಕಹಿ. ಆಮೇಲೆ ಗಂಟಲು ದಪ್ಪ ಆದಂತೆ, ಉಗುಳು ನುಂಗಲು ಬಾರದಂತೆ ಅನಿಸುತ್ತದೆ. ಗಾಬರಿ ಬೇಡ, ನುಂಗಲು ಬರುತ್ತದೆ, ಗೊತ್ತಾಗಲ್ಲ ಅಷ್ಟೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿಡಿ. ಸ್ಪ್ರೇ ಹಿಡಿಯಲು ಒಂದೆರಡು ನಿಮಿಷ ಬೇಕು. ಹೊಡೆದ ಕೂಡಲೇ ಮಾಸ್ಕ್ ತುರುಕಿದರೆ ಹೊಡೆದದ್ದೇ ದಂಡ. ನಿದ್ದೆ ಬಂದ ಮೇಲೆ ಕೆಳದವಡೆಯನ್ನು ಮುಂದಕ್ಕೆ ಎಳೆದು ನೋಡುತ್ತೇವೆ. ಕೈಕಾಲು ಅಲುಗಾಡದಿದ್ದರೆ ಮಾಸ್ಕ್ ಹಾಕುತ್ತೇವೆ.

ಕೆಲವರು ಮಾಸ್ಕ್‌ಗೇ ಲಿಗ್ನೋಕೇನ್ ಜೆಲ್ ಸವರುತ್ತಾರೆ. ನನಗೆ ಅದು ಅಷ್ಟು ಇಷ್ಟ ಇಲ್ಲ. ಮರಗಟ್ಟಲು ಸಮಯವೇ ಸಿಗುವುದಿಲ್ಲ, ಎಚ್ಚರವಾದಾಗ ನಾಲಿಗೆ ಮಾತ್ರ ಜೋಮು ಹಿಡಿದಿರುತ್ತದೆ. ಜಾರಲು ಮಾಮೂಲಿ ಜೆಲ್ ಸಾಕಲ್ವಾ? ಆಪರೇಷನ್ ಆದಮೇಲಿನ ಗಂಟಲು ನೋವಿಗೂ ಸ್ಪ್ರೇ ಮದ್ದಲ್ಲ. ಆ ನೋವಿಗೆ ಎಷ್ಟೋ ಸಲ ಮಾಸ್ಕ್‌ಗೆ ತುಂಬಿದ ಗಾಳಿ ಜಾಸ್ತಿಯಾಗಿರುವುದೇ ಕಾರಣ.

ಎಲ್ಲರಿಗೂ ಸ್ಪ್ರೇ ಹೊಡೆಯಲೇಬೇಕು ಅಂತೇನಿಲ್ಲ. ನಿಮ್ಮ ಡಾಕ್ಟರ್ ಹೊಡೆಯದಿದ್ದರೆ ಅದೂ ತಪ್ಪಲ್ಲ.

ನೀವು ನೋಡಿಕೊಳ್ಳಬೇಕಾದದ್ದು ಎರಡು. ಆಪರೇಷನ್ ಆದಮೇಲೆ ಡಾಕ್ಟರ್ ಹೇಳುವ ತನಕ ಒಂದು ಗುಟುಕು ನೀರೂ ಬೇಡ, ಮರಗಟ್ಟಿದ ಗಂಟಲಿನಲ್ಲಿ ನೀರು ದಾರಿ ತಪ್ಪಬಹುದು. ಇನ್ನೊಂದು, ಹಲ್ಲು ಕೀಳಿಸುವಾಗ ಕೊಡುವುದೂ ಹೆಚ್ಚಾಗಿ ಇದೇ ಲಿಗ್ನೋಕೇನ್. ಆಗ ಅಮ್ಮನಿಗೆ ಮೈಯೆಲ್ಲ ದದ್ದು, ಉಸಿರುಕಟ್ಟುವುದು ಏನಾದರೂ ಆಗಿದ್ದರೆ ಅನಸ್ತೇಷಿಯಾ ಡಾಕ್ಟರ್‌ಗೆ ಆಪರೇಷನ್‌ಗೆ ಮೊದಲೇ ಹೇಳಿ.