ಚೌಕಿಯಲ್ಲಿ ನಡುಗಿದ ಕೈ: ಯುವ ವೇಷಧಾರಿಯೊಬ್ಬನ ಆಪ್ತಸಲಹೆ ಪ್ರಕರಣ

ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನ, ಊರೂರು ಸುತ್ತುವ ಮೇಳವೊಂದರಲ್ಲಿ ಎರಡನೆಯ ವರ್ಷದ ತಿರುಗಾಟದಲ್ಲಿದ್ದ 23 ವರ್ಷದ ಪುಂಡುವೇಷಧಾರಿಯೊಬ್ಬನ (ಅಭಿಮನ್ಯುವಿನಂಥ ತರುಣ ವೀರರ ವೇಷ ಮಾಡುವವನ) ಪ್ರಕರಣವಿದು. ಆತನ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬಿಟ್ಟು ಅಥವಾ ಬದಲಿಸಿ ಬರೆಯುತ್ತಿದ್ದೇನೆ. ಆತ ಘಟ್ಟದ ಮೇಲಿನವನು. ತಂದೆಗೆ ಸ್ವಲ್ಪ ಅಡಿಕೆ ತೋಟವಿದೆ. ಬಿ.ಕಾಂ. ಎರಡನೆಯ ವರ್ಷಕ್ಕೆ ಓದು ಬಿಟ್ಟು, ಕರಾವಳಿಯ ಕೇಂದ್ರವೊಂದರಲ್ಲಿ ನಾಟ್ಯ ಕಲಿತು ಮೇಳ ಸೇರಿದ್ದ. ಅವನನ್ನು ನನ್ನಲ್ಲಿಗೆ ಕರೆತಂದವರು ಅದೇ ಮೇಳದ ಹಿರಿಯ ಸ್ತ್ರೀವೇಷಧಾರಿ. "ಹುಡುಗನಿಗೆ ಸಭಾಕಂಪ ಹಿಡಿದಿದೆ ಮೇಡಂ. ನಾಟ್ಯ ಚೆನ್ನಾಗಿದೆ, ಹಾಳಾಗಬಾರದು" ಎಂದಷ್ಟೇ ಹೇಳಿ ಅವರು ಹೊರಗೆ ಹೋಗಿ ಕುಳಿತರು.

ನಡೆದದ್ದು ಇಷ್ಟು. ಫೆಬ್ರವರಿಯ ಒಂದು ರಾತ್ರಿ ಅವನದು ಅಭಿಮನ್ಯು. ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಚೌಕಿಯಲ್ಲಿ ಕೈಗನ್ನಡಿ ಹಿಡಿದು ಕಣ್ಣಿನ ಅಂಚಿಗೆ ಕಪ್ಪು ಎಳೆಯುವಾಗ ಕೈ ನಡುಗಿ ಗೆರೆ ನಿಲ್ಲಲಿಲ್ಲ. ಒರೆಸಿ ಮತ್ತೆ ಎಳೆದರೂ ನಿಲ್ಲಲಿಲ್ಲ. ಎದೆ ಹೊಡೆದುಕೊಳ್ಳತೊಡಗಿತು, ಅಂಗೈ ಬೆವರಿತು, ಉಸಿರು ಸಾಲದೆನಿಸಿತು. ಹಾಗೆಯೇ ರಂಗಸ್ಥಳಕ್ಕೆ ಹೋದ. ಕುಣಿತ ಮುಗಿಯುವವರೆಗೆ ತೊಂದರೆಯಾಗಲಿಲ್ಲ. ಪದ್ಯ ನಿಂತು ಅದರ ಅರ್ಥವನ್ನು ಮಾತಿನಲ್ಲಿ ಹೇಳಬೇಕಾದಾಗ ಮೊದಲ ವಾಕ್ಯ ಬಂತು, ಎರಡನೆಯದು ಬರಲಿಲ್ಲ. ಎದುರಿಗೆ ಸುಭದ್ರೆಯಾಗಿ ನಿಂತಿದ್ದವರು ಇದೇ ಹಿರಿಯರು; "ಯುದ್ಧಕ್ಕೆ ಹೊರಟೆನೆಂದು ಹೇಳಲು ಬಂದವನಿಗೆ ತಾಯಿಯ ಮುಖ ಕಂಡೊಡನೆ ಮಾತು ಕಟ್ಟಿತೇ ಮಗನೇ" ಎಂದು ಅರ್ಥವನ್ನು ತಾವೇ ಎತ್ತಿಕೊಂಡು ಪ್ರಸಂಗವನ್ನು ದಾಟಿಸಿದರು. ಸಭೆಯಲ್ಲಿದ್ದ ಬಹುಪಾಲು ಜನರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾದ ಒಬ್ಬರು ಮಾತ್ರ ಆ ತುಣುಕನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್‌ಆ್ಯಪ್‌ ಗುಂಪಿಗೆ ಹಾಕಿದರು. ಆ ದಿನದಿಂದ ಆತ ಮಲಗುವ ಮುನ್ನ ಆ ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತಿದ್ದ, ಮತ್ತು ಪ್ರತಿ ಸಂಜೆ ಬಣ್ಣಕ್ಕೆ ಕೂರುವ ಹೊತ್ತಿಗೆ ಅದೇ ನಡುಕ ಮರುಕಳಿಸುತ್ತಿತ್ತು.

ಸಭಾಕಂಪವೆಂಬ ತೀರ್ಮಾನಕ್ಕೆ ನಾನು ಕೂಡಲೇ ಒಪ್ಪಲಿಲ್ಲ. ಹಿಂದಿನ ವರ್ಷ ಇಡೀ ತಿರುಗಾಟವನ್ನು, ಹೊಸಬನಾಗಿದ್ದಾಗಲೇ, ಆತ ನಿರಾತಂಕವಾಗಿ ಮುಗಿಸಿದ್ದ. ದಿನಚರಿಯನ್ನು ಗಂಟೆಗಂಟೆಯಾಗಿ ಹೇಳಿಸಿದಾಗ ವಿಷಯ ಬೇರೆಯೇ ಇದೆಯೆಂದು ತಿಳಿಯಿತು. ಬೆಳಿಗ್ಗೆ ಎಂಟೂವರೆಗೆ ಏಳುವುದು, ಹತ್ತರಿಂದ ನಾಲ್ಕರವರೆಗೆ ಪೇಟೆಯ ಕೊರಿಯರ್‌ ಕಚೇರಿಯಲ್ಲಿ ಕೆಲಸ, ಅಲ್ಲಿಂದ ಬೈಕಿನಲ್ಲಿ ಆಟದ ಊರಿಗೆ, ನಡುರಾತ್ರಿ ದಾಟಿ ಆಟ ಮುಗಿದ ಮೇಲೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದು ಮತ್ತೆ ಬೈಕಿನಲ್ಲಿ ಬಾಡಿಗೆ ಕೋಣೆಗೆ. ಮಲಗುವಾಗ ಮೂರು ಗಂಟೆ, ಕೆಲವೊಮ್ಮೆ ನಾಲ್ಕು.

ಮೇಳದ ಬದುಕು ಬಲ್ಲವರಿಗೆ ಇದರ ಹಿನ್ನೆಲೆ ಗೊತ್ತು. ಆಟ ಬೆಳಗಿನವರೆಗೆ ನಡೆಯುತ್ತಿದ್ದ ಕಾಲದಲ್ಲಿ ಕಲಾವಿದರು ಮೇಳದ ಜೊತೆಗೇ ಇದ್ದು, ಹಗಲು ಬಿಡಾರದಲ್ಲಿ ನಿದ್ದೆ ಮಾಡಿ, ಸಂಜೆ ಎದ್ದು ಚೌಕಿಗೆ ಬರುತ್ತಿದ್ದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆಯೊಡ್ಡುವ 2000ದ ಶಬ್ದಮಾಲಿನ್ಯ ನಿಯಮಗಳು ಒಂದು ಕಡೆ, ರಾತ್ರಿಯಿಡೀ ಕೂರಲಾರದ ಪ್ರೇಕ್ಷಕರು ಇನ್ನೊಂದು ಕಡೆ, ಹೀಗಾಗಿ ಅನೇಕ ಮೇಳಗಳು ಬೆಳಗಿನವರೆಗೆ ಆಡದೆ ನಡುರಾತ್ರಿಯ ಹೊತ್ತಿಗೆ ಆಟ ಮುಗಿಸುವ ಕಾಲಮಿತಿಗೆ ಬಂದವು. ಕಲಾವಿದರ ಆರೋಗ್ಯಕ್ಕೆ ಇದು ಒಳ್ಳೆಯದೆಂದು ಹೇಳಲಾಯಿತು, ಅದು ಸುಳ್ಳೂ ಅಲ್ಲ. ಆದರೆ ಉಳಿದ ಅರ್ಧ ರಾತ್ರಿ ನಿದ್ದೆಗೆ ಹೋಗಲಿಲ್ಲ. ಬೈಕಿಗೆ ಮತ್ತು ಹಗಲಿನ ಎರಡನೆಯ ಕೆಲಸಕ್ಕೆ ಹೋಯಿತು ಎಂಬುದು ನನ್ನಲ್ಲಿಗೆ ಬರುವ ಕಲಾವಿದರನ್ನು ಕಂಡು ನನಗಿರುವ ಅಭಿಪ್ರಾಯ.

ಎರಡನೆಯ ಕೆಲಸ ಯಾಕೆ ಎಂದು ಕೇಳಿದಾಗ ಆತ ಬಹಳ ಹೊತ್ತು ಮಾತನಾಡಲಿಲ್ಲ. ಹಣಕ್ಕಾಗಿ ಎಂದ, ಆಮೇಲೆ ಅಲ್ಲ ಎಂದ. ಊರಿನ ನೆಂಟರ ಮನೆಯ ಮದುವೆಯೊಂದರಲ್ಲಿ ತಂದೆ "ಮಗ ಮಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ" ಎಂದು ಯಾರಿಗೋ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಜಗಳ ಮಾಡುವ ಬದಲು ಆತ ತಂದೆಯ ಮಾತನ್ನು ನಿಜ ಮಾಡಲು ಹೊರಟ. ಮನೆಗೆ ಫೋನು ಮಾಡಿದಾಗ ಕೊರಿಯರ್‌ ಕಚೇರಿಯ ಸುದ್ದಿ ಮಾತ್ರ ಹೇಳುತ್ತಿದ್ದ. ಯಾವ ಊರಿನಲ್ಲಿ ಆಟ, ಯಾವ ವೇಷ ಎಂಬುದನ್ನು ತಾಯಿ ಕೇಳುತ್ತಿರಲಿಲ್ಲ, ಈತ ಹೇಳುತ್ತಿರಲಿಲ್ಲ. ಮೇಳದಲ್ಲಿಯೂ ಹಗಲಿನ ಕೆಲಸದ ವಿಷಯವನ್ನು ಮುಚ್ಚಿಟ್ಟಿದ್ದ. ಮನೆಯಿಂದ ದೂರ ಇರುವ ಯುವ ಕಲಾವಿದರ ಒಂಟಿತನದ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಜೊತೆಗೆ ಜನರಿಲ್ಲದ ಸ್ಥಿತಿಯನ್ನು ಕಲ್ಪಿಸುತ್ತೇವೆ. ಈತನ ಸುತ್ತ ಪ್ರತಿ ರಾತ್ರಿ ಚೌಕಿಯ ತುಂಬ ಜನರಿದ್ದರು, ಎದುರಿಗೆ ನೂರಾರು ಪ್ರೇಕ್ಷಕರಿದ್ದರು. ತನ್ನ ಇಡೀ ದಿನವನ್ನು ಬಲ್ಲ ಒಬ್ಬ ಮನುಷ್ಯ ಮಾತ್ರ ಇರಲಿಲ್ಲ.

ಎದೆಬಡಿತದ ದೂರು ಇದ್ದುದರಿಂದ ಮೊದಲು ವೈದ್ಯರ ಬಳಿಗೆ ಕಳುಹಿಸಿದೆ. ಇಸಿಜಿ, ರಕ್ತಪರೀಕ್ಷೆ, ಥೈರಾಯ್ಡ್‌ ಯಾವುದರಲ್ಲೂ ದೋಷವಿರಲಿಲ್ಲ. ಎಚ್ಚರವಾಗಿರಲೆಂದು ದಿನಕ್ಕೆ ಏಳೆಂಟು ಲೋಟ ಚಹಾ, ಕಾಫಿ ಕುಡಿಯುತ್ತಿದ್ದದ್ದು ಅಲ್ಲಿ ಹೊರಬಂತು. ನಡುಕ ಕೊರಿಯರ್‌ ಕಚೇರಿಯಲ್ಲಿ ರಶೀದಿ ಬರೆಯುವಾಗಲೂ ಬಂದಿತ್ತೆಂದು ಗೊತ್ತಾದಾಗ ರಂಗಸ್ಥಳವೊಂದೇ ಕಾರಣವಲ್ಲವೆಂಬುದು ಖಚಿತವಾಯಿತು. ಇವು ಪ್ಯಾನಿಕ್‌ ದಾಳಿಗಳು. ಕೆಲವೇ ನಿಮಿಷಗಳಲ್ಲಿ ಏರಿ ತಾವಾಗಿ ಇಳಿಯುವಂಥವು, ಜೀವಕ್ಕೆ ಅಪಾಯ ಮಾಡುವಂಥವಲ್ಲ. ತಿಂಗಳುಗಟ್ಟಲೆ ಅರೆನಿದ್ದೆಯಲ್ಲಿರುವ ಶರೀರದಲ್ಲಿ ಅವು ಸುಲಭವಾಗಿ ಹುಟ್ಟುತ್ತವೆ.

ಇಂಥ ಸಂದರ್ಭದಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ನೇರವಾಗಿ ಕೇಳಿದೆ: ಸಾಯಬೇಕೆಂದು ಅನಿಸಿದ್ದುಂಟೇ? ಹಾಗೇನಿಲ್ಲ ಎಂದವನು ಸ್ವಲ್ಪ ತಡೆದು, "ಬೈಕು ತಾನಾಗಿ ಎಲ್ಲಾದರೂ ಬಿದ್ದರೆ ಯಾರಿಗೂ ಏನೂ ಹೇಳಬೇಕಾಗಿರುವುದಿಲ್ಲ ಅಂತ ಒಮ್ಮೊಮ್ಮೆ ಅನಿಸುತ್ತದೆ ಮೇಡಂ" ಎಂದ. ಇದನ್ನು ಆಯಾಸದ ಮಾತೆಂದು ಬಿಡುವಂತಿಲ್ಲ. ರಾತ್ರಿ ಒಂದೂವರೆಗೆ ಒಬ್ಬನೇ ಹೆದ್ದಾರಿಯಲ್ಲಿ ಬೈಕು ಓಡಿಸುವವನ ಬಾಯಲ್ಲಿ ಈ ಮಾತಿಗೆ ಎರಡು ಪಟ್ಟು ತೂಕವಿದೆ. ಆದ್ದರಿಂದ ನನ್ನ ಮೊದಲ ಸಲಹೆ ರಂಗಸ್ಥಳದ ಬಗ್ಗೆ ಇರಲಿಲ್ಲ, ಬೈಕಿನ ಬಗ್ಗೆ ಇತ್ತು. ಅವನ ಅನುಮತಿಯಿಂದಲೇ ಹಿರಿಯರನ್ನು ಒಳಗೆ ಕರೆದು, ಆಟ ಮುಗಿದ ಮೇಲೆ ಆತ ಬೈಕು ಹತ್ತದೆ ಮೇಳದ ವಾಹನದಲ್ಲಿ ಬಿಡಾರಕ್ಕೆ ಹೋಗಿ ಅಲ್ಲಿಯೇ ಮಲಗಬೇಕು, ಬೈಕಿನ ಕೀಲಿಕೈ ಹಿರಿಯರ ಪೆಟ್ಟಿಗೆಯಲ್ಲಿರಬೇಕು ಎಂದು ಮೂವರೂ ಸೇರಿ ಮಾತನಾಡಿಕೊಂಡೆವು. ಮನಸ್ಸು ತೀರ ಕುಸಿದ ಹೊತ್ತಿನಲ್ಲಿ ನಾನು ಸಿಗದಿದ್ದರೆ ಎಂದು ಟೆಲಿ ಮನಸ್‌ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416ನ್ನು ಇಬ್ಬರ ಫೋನಿನಲ್ಲಿಯೂ ದಾಖಲಿಸಿದೆ. ಅದು ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ರಾತ್ರಿ ಎರಡಕ್ಕೆ ಮನೆಗೆ ಮರಳುವ ವೃತ್ತಿಯವರಿಗೆ ಇದು ಸಣ್ಣ ಅನುಕೂಲವಲ್ಲ.

ಬೈಕಿನ ವಿಷಯದಲ್ಲಿ ಆತ ವಾದಿಸಿದ, ನಿದ್ದೆ ಬಂದಂತೆ ಅನಿಸುವುದೇ ಇಲ್ಲ ಎಂದ. 17 ಗಂಟೆ ಸತತವಾಗಿ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿದಿರುತ್ತದೆಂದು ಸಂಶೋಧನೆಗಳು ತೋರಿಸಿವೆ. ನಮ್ಮ ಕಾನೂನು ವಾಹನ ಚಾಲಕರಿಗೆ ಬಿಟ್ಟಿರುವ ಮಿತಿ 100 ಮಿಲಿಲೀಟರ್‌ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಬೆಳಿಗ್ಗೆ ಎಂಟೂವರೆಗೆ ಎದ್ದವನು ರಾತ್ರಿ ಒಂದೂವರೆಗೆ ಬೈಕು ಹತ್ತಿದರೆ ಲೆಕ್ಕ ಸರಿಯಾಗಿ 17 ಗಂಟೆ. ಒಂದು ಹನಿ ಮದ್ಯ ಮುಟ್ಟದ ಹುಡುಗನಿಗೆ ಈ ಹೋಲಿಕೆ ನಾಟಿತು. ಆಟ ಮುಗಿಸಿ ಮರಳುವಾಗ ರಸ್ತೆಯಲ್ಲಿ ಜೀವ ಕಳೆದುಕೊಂಡ ಕಲಾವಿದರ ನೆನಪು ಕರಾವಳಿಯಲ್ಲಿ ಯಾರಿಗೂ ಹೊಸದಲ್ಲ. ಹಿರಿಯರು ಆ ಮಾತನ್ನೇನೂ ಎತ್ತಲಿಲ್ಲ, ಕೀಲಿಕೈಗಾಗಿ ಕೈಚಾಚಿದರು.

ಎರಡನೆಯ ಭೇಟಿಯ ಹೊತ್ತಿಗೆ ಆತ ಮೇಳ ಬಿಡುವ ನಿರ್ಧಾರ ಮಾಡಿಕೊಂಡು ಬಂದಿದ್ದ. ಬಿಡಬೇಡಿ ಎಂದು ನಾನು ಹೇಳಲಿಲ್ಲ. ನಿದ್ದೆಗೆಟ್ಟ ತಲೆಯಿಂದ ತಿರುಗಾಟದ ನಡುವೆ ಇಂಥ ತೀರ್ಮಾನ ಬೇಡ, ತಿರುಗಾಟ ಕೊನೆಗೊಳ್ಳುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಎರಡು ವಾರ ಮಲಗಿ ಎದ್ದು ಆಮೇಲೆ ಯೋಚಿಸಿ ಎಂದೆ. ಅದರ ಬದಲು, ಎರಡು ಕೆಲಸಗಳಲ್ಲಿ ಯಾವುದು ಏನು ಕೊಡುತ್ತದೆಂದು ಒಂದು ಹಾಳೆಯಲ್ಲಿ ಬರೆಯಲು ಹೇಳಿದೆ. ಕೋಣೆಯ ಬಾಡಿಗೆ, ಪೆಟ್ರೋಲು, ಹೋಟೆಲಿನ ತಿಂಡಿ ಮತ್ತು ಊಟ ಇವೆಲ್ಲ ಕೊರಿಯರ್‌ ಕೆಲಸಕ್ಕಾಗಿಯೇ ಬರುತ್ತಿದ್ದ ಖರ್ಚುಗಳು. ಬಿಡಾರದಲ್ಲಿದ್ದರೆ ಊಟ, ವಸತಿ ಮೇಳದ್ದೇ. ಅವನ್ನೆಲ್ಲ ಕಳೆದರೆ ಆ ಕೆಲಸದಲ್ಲಿ ಉಳಿಯುತ್ತಿದ್ದುದು ನಗು ಬರುವಷ್ಟು ಸಣ್ಣ ಮೊತ್ತ, ಮತ್ತು ಆತ ನಿಜವಾಗಿಯೂ ನಕ್ಕ. ಮುಂದಿನ ತಿಂಗಳು ಕಚೇರಿಗೆ ಹೋಗಲಿಲ್ಲ.

ನಿದ್ದೆಯ ಸಲಹೆ ಸರಳ, ಪಾಲಿಸುವುದು ಕಷ್ಟ. ರಾತ್ರಿ ಎರಡೂವರೆಯಿಂದ ಬೆಳಿಗ್ಗೆ ಒಂಬತ್ತೂವರೆಯವರೆಗೆ ಒಂದೇ ಸಮನೆ ಏಳು ಗಂಟೆ, ಆಟವಿಲ್ಲದ ದಿನವೂ ಹೆಚ್ಚುಕಡಿಮೆ ಅದೇ ಹೊತ್ತು. ಬಿಡಾರವೆಂದರೆ ಬಹುಮಟ್ಟಿಗೆ ಶಾಲೆ, ಸಭಾಭವನ ಇಲ್ಲವೇ ಯಾರದೋ ಮನೆಯ ಜಗಲಿ; ಬೆಳಕು ತಡೆಯಲು ಕಣ್ಣಿಗೆ ದಪ್ಪ ಬಟ್ಟೆ ಕಟ್ಟಿಕೊಳ್ಳಬೇಕಾಯಿತು. ಸಂಜೆ ಐದರ ನಂತರ ಚಹಾ ಬೇಡವೆಂದದ್ದನ್ನು ಆತ ಕೊನೆಗೂ ಪೂರ್ತಿ ಪಾಲಿಸಲಿಲ್ಲ, ಚೌಕಿಗೆ ಬರುವ ಚಹಾವನ್ನು ಯಾರು ಬಿಡುತ್ತಾರೆ? ವಿಡಿಯೊವನ್ನು ಮಾತ್ರ ನನ್ನೆದುರೇ ಅಳಿಸಿದ.

ರಂಗಸ್ಥಳವನ್ನು ತಪ್ಪಿಸಿಕೊಳ್ಳಬಾರದೆಂಬುದು ನನ್ನ ಸಲಹೆಯ ಮುಖ್ಯ ಭಾಗ. ಭಯದ ಜಾಗದಿಂದ ದೂರ ಉಳಿದಷ್ಟೂ ಭಯ ಗಟ್ಟಿಯಾಗುತ್ತದೆ. ಆದರೆ ದೊಡ್ಡ ವೇಷಕ್ಕೆ ಒಮ್ಮೆಲೇ ಮರಳುವುದೂ ಸರಿಯಲ್ಲ. ಹಿರಿಯರು, ಪದ್ಯ ಹಾಡಿ ಆಟ ನಡೆಸುವ ಭಾಗವತರಲ್ಲಿ ಮಾತನಾಡಿ, ಕೆಲವು ದಿನ ಅವನಿಗೆ ದೇವೇಂದ್ರನ ಬಲದಲ್ಲಿ, ಅಂದರೆ ಪರಿವಾರದಲ್ಲಿ, ಒಬ್ಬನಾಗಿ, ಎರಡು ಮಾತಿನ ವೇಷಗಳನ್ನು ಕೊಡಿಸಿದರು. ಬಣ್ಣಕ್ಕೆ ಕೂರುವಾಗ ನಡುಕ ಬಂದರೆ ಅದನ್ನು ತಡೆಯಲು ಹೋಗದೆ, ಒಳಗೆ ತೆಗೆದುಕೊಂಡ ಉಸಿರಿಗಿಂತ ಹೊರಬಿಡುವ ಉಸಿರನ್ನು ಉದ್ದವಾಗಿಸುತ್ತ ಕೈಯಲ್ಲಿನ ಕೆಲಸ ಮುಂದುವರಿಸಲು ಅಭ್ಯಾಸ ಮಾಡಿಸಿದೆ. ಮೊದಮೊದಲು ಗೆರೆ ಸೊಟ್ಟಗೇ ಬಂತು, ಸೊಟ್ಟ ಗೆರೆಯಲ್ಲಿಯೇ ವೇಷ ಮಾಡಿದ.

ಇನ್ನೊಂದು ಸಂಗತಿಯನ್ನು ಕಂಡುಹಿಡಿದವರು ನಾನಲ್ಲ, ಆ ಹಿರಿಯರು. ಹುಡುಗ ಪ್ರಸಿದ್ಧ ಕಲಾವಿದರ ಅರ್ಥಗಾರಿಕೆಯನ್ನು ಯೂಟ್ಯೂಬಿನಿಂದ ಅಕ್ಷರಶಃ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ. ಯಕ್ಷಗಾನದ ಅರ್ಥ ಆ ಕ್ಷಣಕ್ಕೆ ಹುಟ್ಟುವ ಮಾತು. ಎದುರು ವೇಷದವರು ಒಂದು ಪ್ರಶ್ನೆಯನ್ನು ಆಚೀಚೆ ಕೇಳಿದರೆ ಬಾಯಿಪಾಠದವನಿಗೆ ದಾರಿ ಇರುವುದಿಲ್ಲ. "ಪದ್ಯ ಏನು ಹೇಳುತ್ತದೆ ಅಂತ ತಿಳಿದುಕೋ, ಅಷ್ಟನ್ನು ನಿನ್ನ ಮಾತಿನಲ್ಲಿ ಹೇಳು, ಸಣ್ಣದಾದರೂ ಚಿಂತೆಯಿಲ್ಲ" ಎಂದು ಅವರು ಹಗಲಿನಲ್ಲಿ ಬಿಡಾರದಲ್ಲಿ ಅವನನ್ನು ಕೂರಿಸಿಕೊಂಡು ಅರ್ಥ ಹೇಳಿಸತೊಡಗಿದರು. ಹಗಲು ಕೆಲಸ ಬಿಟ್ಟದ್ದರಿಂದಲೇ ಇದಕ್ಕೆ ಬಿಡುವಾಯಿತು. ನನ್ನ ಉಸಿರಾಟದ ಅಭ್ಯಾಸಕ್ಕಿಂತ ಈ ಪಾಠವೇ ಅವನಿಗೆ ಹೆಚ್ಚು ಉಪಯೋಗಕ್ಕೆ ಬಂತೆಂದು ನಾನು ನಂಬಿದ್ದೇನೆ.

ಮನೆಯ ವಿಷಯ ಮಳೆಗಾಲಕ್ಕೆ ಮುಂದುವರಿಯಿತು. ತಂದೆಯವರನ್ನು ಕಲೆಯ ವಿರೋಧಿಯೆಂದು ನಾನು ಭಾವಿಸಿದ್ದಿಲ್ಲ, ಭೇಟಿಯಾದ ಮೇಲೆ ಆ ಮಾತು ಇನ್ನೂ ಗಟ್ಟಿಯಾಯಿತು. ಎಲೆಚುಕ್ಕಿ ರೋಗ ಬಡಿದ ತೋಟವನ್ನು ನೋಡುತ್ತ ಕುಳಿತ ಮನುಷ್ಯ, ಮಗನಿಗಾದರೂ ತಿಂಗಳ ಸಂಬಳವಿರಲಿ ಎಂದು ಬಯಸಿದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಅವರು ಕೇಳಿದ ಪ್ರಶ್ನೆ ಒಂದೇ: "ನಲವತ್ತಕ್ಕೆ ಮಂಡಿ ಹೋದರೆ ಏನು ಮಾಡುತ್ತಾನೆ?" ಗಿರಗಿರನೆ ತಿರುಗುತ್ತ ಧೀಂಗಿಣ ಹಾರುವ ಪುಂಡುವೇಷಧಾರಿಗೆ ಇದು ಕಾಲ್ಪನಿಕ ಪ್ರಶ್ನೆಯಲ್ಲ; ಎಷ್ಟು ಧೀಂಗಿಣ ಎಂದು ಎಣಿಸಿ ಚಪ್ಪಾಳೆ ತಟ್ಟುವ ಪ್ರೇಕ್ಷಕರು ಮಂಡಿಯ ಚಿಕಿತ್ಸೆಗೆ ಬರುವವರಲ್ಲ. ಮಗ ಉತ್ತರ ಕೊಡಬೇಕಾದದ್ದು ಈ ಪ್ರಶ್ನೆಗೆ, ಆತ ಇಷ್ಟು ದಿನ ಉತ್ತರಿಸುತ್ತಿದ್ದುದು ಕೇಳದೇ ಇದ್ದ ಬೇರೊಂದು ಪ್ರಶ್ನೆಗೆ. ಆದ್ದರಿಂದ ಸಮಾಧಾನದ ಮಾತು ಬಿಟ್ಟು, ಮೇಳಕ್ಕೆ ರಜೆಯಿರುವ ತಿಂಗಳುಗಳಲ್ಲಿ ಏನು ಮಾಡುವೆನೆಂದು ತಂದೆಯ ಎದುರಿಗೆ ಹೇಳುವಂತೆ ಸಿದ್ಧಪಡಿಸಿದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಮುಗಿಸುವುದು, ಶಾಲಾ ಮಕ್ಕಳಿಗೆ ನಾಟ್ಯ ಕಲಿಸುವುದು, ಮಳೆಗಾಲದ ತಂಡದ ಜೊತೆ ಹೋಗುವುದಾದರೆ ಎಷ್ಟು ದಿನ ಎಂಬುದು ಅದರಲ್ಲಿತ್ತು. ವರ್ಷಕ್ಕೆ 20 ರೂಪಾಯಿ ಕಂತಿನಲ್ಲಿ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ಬ್ಯಾಂಕಿನಲ್ಲಿ ಮಾಡಿಸಿಕೊಳ್ಳಲೂ ಹೇಳಿದೆ. ಅದು ಮಂಡಿಯ ಪ್ರಶ್ನೆಗೆ ಉತ್ತರವಲ್ಲ, ರಸ್ತೆಯ ಪ್ರಶ್ನೆಗೆ ಸಣ್ಣ ಆಸರೆ.

ತಾಯಿಗೆ ನಾನು ಹೇಳಿದ್ದು ಒಂದೇ: ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳುವ ಜೊತೆಗೆ "ಇವತ್ತು ಯಾವ ವೇಷ ಮಗಾ" ಎಂದೂ ಕೇಳಿ. ಅವರು ತಂದೆಯ ಮುಖ ನೋಡಿದರು. ತಂದೆ ಏನೂ ಹೇಳಲಿಲ್ಲ, ಬೇಡವೆನ್ನಲೂ ಇಲ್ಲ.

ಆ ತಿರುಗಾಟ ಮುಗಿಯುವ ಮೊದಲು ಅವನಿಗೆ ಇನ್ನೊಮ್ಮೆ ಮಾತು ತಪ್ಪಿತ್ತು. ಚಂಡ-ಮುಂಡರ ಪ್ರವೇಶದಲ್ಲಿ, ಅದೂ ಜೊತೆ ವೇಷದವನು ನಿಭಾಯಿಸುವಷ್ಟು ಹೊತ್ತು. ಆ ರಾತ್ರಿ ಆತ ವಿಡಿಯೊ ಹುಡುಕಲಿಲ್ಲ. ನೆಂಟರೆದುರು ತಂದೆ ಈಗಲೂ ಕಂಪನಿ ಕೆಲಸವೆಂದೇ ಹೇಳುತ್ತಾರಂತೆ, ಅದು ಅವನನ್ನು ಈಗಲೂ ನೋಯಿಸುತ್ತದೆ. ಮೇಳವನ್ನು ಬಿಟ್ಟಿಲ್ಲ. ಮುಂದಿನ ವರ್ಷಕ್ಕೆ ಮುಂಗಡ ಪಡೆಯುವ ಮೊದಲೇ ಮ್ಯಾನೇಜರರಲ್ಲಿ ಮಾತನಾಡಿ, ಪರೀಕ್ಷೆಯ ದಿನಗಳಿಗೆ ರಜೆ ಒಪ್ಪಿಸಿಕೊಂಡಿದ್ದಾನೆ. ಸಂಬಳ ಹೆಚ್ಚಿಸುವ ಬೇಡಿಕೆಯನ್ನು ಅವರು ಒಪ್ಪಲಿಲ್ಲ. ನಮ್ಮ ಮುಂದಿನ ಭೇಟಿ ನವರಾತ್ರಿ ಕಳೆದ ಮೇಲೆ, ಮೇಳ ಹೊರಡುವ ಮೊದಲು.