ಓದುಗರ ಪ್ರಶ್ನೆಗೆ ಉತ್ತರ: ಒಂಬತ್ತು ಮಳೆಗಾಲ ನಿಂತ ಕಾರಿನ ಬ್ರೇಕು

ಪ್ರಶ್ನೆ: ನಮ್ಮ ದೊಡ್ಡಪ್ಪನವರು ಬಿಟ್ಟುಹೋದ 1967ರ ಎಂಜಿಬಿ ಸ್ಪೋರ್ಟ್ಸ್ ಕಾರು ತೋಟದ ಶೆಡ್ಡಿನಲ್ಲಿ ಒಂಬತ್ತು ವರ್ಷ ನಿಂತಿತ್ತು. ಕಳೆದ ಬೇಸಿಗೆಯಲ್ಲಿ ಎಂಜಿನ್ ಸರಿಮಾಡಿಸಿ ಓಡಿಸತೊಡಗಿದ್ದೇನೆ. ಬ್ರೇಕ್ ಪೆಡಲ್ ಮೊದಲ ಸಲ ಒತ್ತಿದಾಗ ಬಹಳ ಕೆಳಗೆ ಹೋಗುತ್ತದೆ. ಕೂಡಲೇ ಮತ್ತೊಮ್ಮೆ ಒತ್ತಿದರೆ ಮೇಲೆಯೇ ಹಿಡಿಯುತ್ತದೆ. ಕಾರು ಎಡಕ್ಕೆ ಎಳೆಯುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಇಳಿದು ನೋಡಿದರೆ ಮುಂದಿನ ಎಡಚಕ್ರ ಮಾತ್ರ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ. ಮುಳ್ಳಯ್ಯನಗಿರಿಯಿಂದ ಇಳಿದು ಬರುವಾಗ ಕೈಮರದ ಹತ್ತಿರ ಪೆಡಲ್ ಸ್ಪಂಜಿನಂತಾಗಿ ಗಾಬರಿಯಾಯಿತು. ಪ್ಯಾಡ್ ಬದಲಿಸಿದರೂ ವ್ಯತ್ಯಾಸವಿಲ್ಲ. ಇನ್ನೇನು ಬದಲಿಸಬೇಕು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಕೆಲಸ ಮುಗಿಯುವವರೆಗೆ ದಯವಿಟ್ಟು ಈ ಕಾರನ್ನು ಗಿರಿಯ ಕಡೆಗೆ ಒಯ್ಯಬೇಡಿ. ನಿಮ್ಮ ಕಾರಿನಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಒಂದೇ ಬ್ರೇಕ್ ಲೈನು. ಎಲ್ಲಿಯಾದರೂ ಒಂದು ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ, ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ.

ಪ್ಯಾಡ್ ಬದಲಿಸಿ ಪ್ರಯೋಜನವಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಪ್ಯಾಡ್ ಸವೆಯುವುದು ಓಡುವ ಕಾರಿನಲ್ಲಿ; ನಿಮ್ಮದು ಮಲೆನಾಡಿನ ಒಂಬತ್ತು ಮಳೆಗಾಲ ಕಂಡು ನಿಂತ ಕಾರು. ನಿಂತ ಕಾರಿನಲ್ಲಿ ಕೆಡುವುದು ರಬ್ಬರು, ಬ್ರೇಕ್ ಆಯಿಲ್ ಮತ್ತು ಇವೆರಡೂ ತಾಗುವ ಲೋಹ. ನೀವು ಬರೆದಿರುವ ತೊಂದರೆಗಳು ಒಂದೇ ಕಾಯಿಲೆಯ ಲಕ್ಷಣಗಳಲ್ಲ. ಮೂರು ಬೇರೆ ಬೇರೆ ಕಾರಣಗಳು ಒಟ್ಟಿಗೆ ಕಾಣಿಸಿಕೊಂಡಿವೆ. ಆದ್ದರಿಂದ ಸಾಮಾನು ಕೊಳ್ಳುವ ಮೊದಲು ಒಂದು ಭಾನುವಾರವನ್ನು ಪರೀಕ್ಷೆಗೆಂದೇ ಇಟ್ಟುಕೊಳ್ಳಿ.

ಮೊದಲು ಎಡಚಕ್ರವನ್ನು ನೋಡೋಣ. ಸಮತಟ್ಟಾದ ನೆಲದಲ್ಲಿ ಕಾರಿನ ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜಾಕನ್ನು ನಂಬಿ ಕೆಳಗೆ ಕೈ ಹಾಕಬೇಡಿ. ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಬಿಡಲಿ, ಕೂಡಲೇ ನೀವು ಚಕ್ರವನ್ನು ಕೈಯಿಂದ ತಿರುಗಿಸಿ. ಬಲಚಕ್ರ ತಿರುಗಿ ಎಡಚಕ್ರ ಬಿಗಿಯಾಗಿ ನಿಂತರೆ, ಚಕ್ರದೊಂದಿಗೆ ತಿರುಗುವ ಡಿಸ್ಕಿಗೆ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನಲ್ಲಿ, ಆಯಿಲ್ ಹೊರಬಿಡಲೆಂದು ಇರುವ ಬ್ಲೀಡ್ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಹೊರಬಂದು ಚಕ್ರ ಬಿಟ್ಟುಕೊಂಡರೆ ತಪ್ಪು ಕ್ಯಾಲಿಪರಿನದಲ್ಲ, ಅದಕ್ಕೆ ಬರುವ ರಬ್ಬರ್ ಹೋಸಿನದು. ಹಳೆಯ ಹೋಸು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಆದರೆ ಒಳಗೋಡೆ ಉಬ್ಬಿ ದಾರಿ ಕಿರಿದಾಗಿರುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ಅದರೊಳಗೆ ನುಗ್ಗಿ ಹೋಗುತ್ತದೆ, ಹಿಂದಿರುಗಲು ಮಾತ್ರ ಒತ್ತಡ ಸಾಲದೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡದಿದ್ದರೆ ಕ್ಯಾಲಿಪರಿನೊಳಗಿನ ಪಿಸ್ಟನ್ ತುಕ್ಕು ಹಿಡಿದು ಕಚ್ಚಿದೆ ಎಂದರ್ಥ. ನಿಮ್ಮ ಕ್ಯಾಲಿಪರಿನಲ್ಲಿ ಡಿಸ್ಕಿನ ಎರಡೂ ಪಕ್ಕಕ್ಕೆ ಒಂದೊಂದು ಪಿಸ್ಟನ್ ಇದೆ. ಪಿಸ್ಟನ್ನನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಯಾವುದೂ ಇಲ್ಲ. ಒತ್ತಿದಾಗ ಕೂದಲೆಳೆಯಷ್ಟು ತಿರುಚಿಕೊಂಡ ರಬ್ಬರ್ ಸೀಲು ಮತ್ತೆ ನೇರವಾಗುವಾಗ ತಾನೇ ಪಿಸ್ಟನ್ನನ್ನು ಹಿಂದಕ್ಕೆ ತರುತ್ತದೆ. ಸೀಲು ಗಟ್ಟಿಯಾಗಿದ್ದರೆ, ಅಥವಾ ಪಿಸ್ಟನ್ನಿನ ಮೇಲೆ ಉಗುರಿಗೆ ತಾಗುವಂಥ ತುಕ್ಕಿನ ಗುಳಿಗಳಿದ್ದರೆ ಈ ಕೆಲಸ ನಡೆಯುವುದಿಲ್ಲ. ಗುಳಿ ಬಿದ್ದ ಪಿಸ್ಟನ್ನನ್ನು ಎಮರಿ ಕಾಗದದಿಂದ ತಿಕ್ಕಿ ಮತ್ತೆ ಹಾಕುವ ಮೆಕ್ಯಾನಿಕ್ಕುಗಳಿದ್ದಾರೆ, ಒಪ್ಪಬೇಡಿ. ಹೋಸನ್ನಾಗಲಿ ಸೀಲನ್ನಾಗಲಿ ಬದಲಿಸುವಾಗ ಎಡ ಬಲ ಎರಡೂ ಕಡೆ ಬದಲಿಸಿ.

ಪೆಡಲ್ ಎರಡನೆಯ ಸಲಕ್ಕೆ ಮೇಲೆ ಹಿಡಿಯುವುದಕ್ಕೆ ಸಾಮಾನ್ಯ ಕಾರಣ ಹಿಂದಿನ ಚಕ್ರಗಳ ಡ್ರಮ್ಮುಗಳನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳು ಡ್ರಮ್ಮಿನಿಂದ ಅಗತ್ಯಕ್ಕಿಂತ ದೂರ ಸರಿದಿರುವುದು. ಡ್ರಮ್ಮಿನ ಹಿಂಬದಿಯನ್ನು ಮುಚ್ಚುವ ಬ್ಯಾಕ್ ಪ್ಲೇಟಿನ ಹಿಂದೆ ಚೌಕ ತಲೆಯ ಅಡ್ಜಸ್ಟರ್ ಇದೆ. ಚಕ್ರ ಬಿಗಿಯಾಗುವವರೆಗೆ ಅದನ್ನು ತಿರುಗಿಸಿ, ಚಕ್ರ ಸಲೀಸಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಿ. ಆದರೆ ಅದಕ್ಕೂ ಮೊದಲು ಡ್ರಮ್ ಬಿಚ್ಚಿ ನೋಡಲೇಬೇಕು. ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಧೂಳುರಬ್ಬರನ್ನು ಸ್ವಲ್ಪ ಎತ್ತಿದಾಗ ಒಳಗೆ ಒದ್ದೆಯಿದ್ದರೆ ಸಿಲಿಂಡರ್ ಮುಗಿಯಿತು. ಶೂಗಳ ಮೇಲೆ ಜಿಡ್ಡಿದ್ದರೆ ಬೆರಳಿಗೆ ತಾಗಿಸಿ ಮೂಸಿ: ಗಂಧಕದ ಕಟು ವಾಸನೆ ಬಂದರೆ ಅದು ಆಕ್ಸಲಿನ ಗೇರ್ ಆಯಿಲ್, ಕೆಟ್ಟಿರುವುದು ಆಕ್ಸಲ್ ಸೀಲು. ಯಾವ ಜಿಡ್ಡೇ ಆಗಲಿ, ಅದನ್ನು ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಉಳಿಸಿಕೊಳ್ಳಲಾಗದು; ಜೋಡಿಯಾಗಿ ಬದಲಿಸಬೇಕು. ಡ್ರಮ್ಮಿನ ಧೂಳನ್ನು ಮಾತ್ರ ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಶೂಗಳಲ್ಲಿ ಕಲ್ನಾರು ಇರುತ್ತಿತ್ತು, ಶ್ವಾಸಕೋಶಕ್ಕೆ ಅದು ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ.

ಇನ್ನು ಕೈಮರದ ಹತ್ತಿರ ಆದ ಗಾಬರಿ. ಒಂದು ಟನ್ ತೂಕದ ಕಾರು 700 ಮೀಟರ್ ಎತ್ತರ ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿಯಿಂದ ಸುಮಾರು 20 ಲೀಟರ್ ತಣ್ಣೀರನ್ನು ಕುದಿಸಬಹುದು. ಬಚ್ಚಲ ಹಂಡೆಯ ಕೆಳಗೆ ಎಷ್ಟು ಸೌದೆ ಬೇಕಾಗುತ್ತದೆಂದು ನಿಮಗೆ ಗೊತ್ತೇ ಇದೆ. ಇದರಲ್ಲಿ ಎಂಜಿನ್ ತೆಗೆದುಕೊಳ್ಳದ ಪಾಲಿನ ಬಹುಭಾಗ ಬ್ರೇಕಿನಲ್ಲಿ ಬಿಸಿಯಾಗಿ ಸೇರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯದು ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ಶೇ. 3.7ರಷ್ಟು ನೀರು ಸೇರಿದಾಗ ಈ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 140. ಒಂಬತ್ತು ವರ್ಷದ ಹಳೆಯ ಆಯಿಲ್ ಇನ್ನೂ ಕೆಳಗೇ ಕುದಿಯಬಹುದು. ಕುದಿದ ಜಾಗದಲ್ಲಿ ಆವಿಯ ಗುಳ್ಳೆ ಏಳುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ, ನಿಮ್ಮ ಕಾಲಿಗೆ ಸ್ಪಂಜಿನಂತೆ ತಾಗಿದ್ದು ಅದೇ. ಮೊದಲೇ ಸಿಕ್ಕಿಕೊಂಡು ಕಾಯುತ್ತಿದ್ದ ಎಡಚಕ್ರದಲ್ಲೇ ಇದು ಶುರುವಾಗಿರುತ್ತದೆ.

ಅದನ್ನು ಆಯಿಲ್ ಎಂದು ಕರೆಯುವುದೇ ಒಂದು ಆಪತ್ತು. ಅದು ಗ್ಲೈಕಾಲ್ ಜಾತಿಯ ದ್ರವವೇ ಹೊರತು ಎಣ್ಣೆಯಲ್ಲ. ನನ್ನದೇ ಕಾರಿಗೆ ಒಮ್ಮೆ ಗ್ಯಾರೇಜೊಂದರ ಹುಡುಗ, ಕೈಗೆ ಸಿಕ್ಕಿದ ಡಬ್ಬಿಯಿಂದ ಪವರ್ ಸ್ಟೀರಿಂಗ್ ಆಯಿಲನ್ನು ಬ್ರೇಕಿಗೆ ಸುರಿದುಬಿಟ್ಟ. ಮೂರು ದಿನ ಬಿಟ್ಟು ಬಿಚ್ಚಿದಾಗ ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ರಬ್ಬರುಗಳು ನೆನೆಸಿದ ಅವರೆಕಾಳಿನಂತೆ ಉಬ್ಬಿ, ಬೆರಳಲ್ಲಿ ಹಿಚುಕಿದರೆ ಜಾರುತ್ತಿದ್ದವು. ಆ ಕಾರಿನ ಒಂದೊಂದು ರಬ್ಬರನ್ನೂ ಎಸೆಯಬೇಕಾಯಿತು. ನೀವೇ ಸೀಲು ಒಡೆದ ಹೊಸ ಡಬ್ಬಿಯ ಡಾಟ್ 4 ಅನ್ನೇ ಬಳಸಿ, ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ತೆಗೆದಿಡಬೇಡಿ. ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಬಣ್ಣ ಏಳುತ್ತದೆ. ಪಕ್ಕದಲ್ಲಿ ಒಂದು ಚೊಂಬು ನೀರಿರಲಿ.

ಬ್ರೇಕ್ ಲೈನಿನೊಳಗೆ ಸೇರಿದ ಗಾಳಿಯನ್ನು (ಏರ್) ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ. ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡಿದ್ದರೆ ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಡಿ. ಪೆಡಲನ್ನು ನೆಲದವರೆಗೆ ಒತ್ತಿದರೆ, ಇಷ್ಟು ವರ್ಷ ಪಿಸ್ಟನ್ ಹೋಗದೆ ತುಕ್ಕು ಹಿಡಿದ ಭಾಗಕ್ಕೆ ರಬ್ಬರು ಹೋಗಿ ಹರಿಯುತ್ತದೆ, ಅಲ್ಲಿಯವರೆಗೆ ಸರಿಯಿದ್ದ ಸಿಲಿಂಡರ್ ಅಂದೇ ಸೋರತೊಡಗುತ್ತದೆ. ಎಲ್ಲ ಮುಗಿದ ಮೇಲೆ ಪೆಡಲನ್ನು ಒಂದೇ ಸಮನಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿಯುತ್ತಾ ಹೋಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗೇ ಆಯಿಲ್ ರಬ್ಬರನ್ನು ದಾಟುತ್ತಿದೆ.

ಬಿಡಿಭಾಗಗಳ ಚಿಂತೆ ಅಷ್ಟಾಗಿ ಬೇಡ. 1962ರಿಂದ 1980ರವರೆಗೆ ಎಂಜಿಬಿ ಕಾರುಗಳು ಐದು ಲಕ್ಷದಷ್ಟು ತಯಾರಾಗಿರುವುದರಿಂದ ಬ್ರಿಟನ್ನಿನಲ್ಲಿ ಇಂದಿಗೂ ಬ್ರೇಕಿನ ಸಾಮಾನು ಹೊಸದಾಗಿ ತಯಾರಾಗುತ್ತದೆ. ಎಚ್ಚರ ಬೇಕಾದದ್ದು ಕಬ್ಬಿಣದ ಪೈಪನ್ನು ಇಲ್ಲಿಯೇ ಮಾಡಿಸುವಾಗ. ನಿಮ್ಮ ಪೈಪಿನ ನಟ್ಟುಗಳದು 3/8 ಇಂಚಿನ, ಅಂದರೆ 9.5 ಮಿ.ಮೀ. ಚಿಲ್ಲರೆಯ ಇಂಗ್ಲಿಷ್ ಮರೆ (ತಿರುಪಿನ ಸುತ್ತು); ಇಲ್ಲಿ ಸುಲಭವಾಗಿ ಸಿಗುವುದು 10 ಮಿ.ಮೀ. ಮೆಟ್ರಿಕ್ ಮರೆ. ಕಣ್ಣಿಗೆ ಎರಡೂ ಒಂದೇ. ಬೆರಳಿನಿಂದ ಪೂರ್ತಿ ತಿರುಗದ ನಟ್ಟಿಗೆ ಸ್ಪ್ಯಾನರ್ ಹಾಕಬೇಡಿ.

ಹೊಸ ಪ್ಯಾಡು, ಶೂಗಳನ್ನು ಕಡೂರು ರಸ್ತೆಯಂಥ ಸಪಾಟು ದಾರಿಯಲ್ಲಿ ಬೆಳಿಗ್ಗೆ ಬೇಗ ಪಳಗಿಸಿ: 50 ಕಿ.ಮೀ. ವೇಗದಿಂದ 15ಕ್ಕೆ ಹತ್ತು ಸಲ ಇಳಿಸಿ, ನಡುನಡುವೆ ಆರಲು ಬಿಡಿ. ಗಿರಿಯಿಂದ ಇಳಿಯುವಾಗ, ಹತ್ತಲು ಯಾವ ಗೇರು ಬೇಕಾಗಿತ್ತೋ ಅದೇ ಗೇರಿರಲಿ.

ಪ್ರಶ್ನೆ: ನನ್ನ ಇಪ್ಪತ್ತು ವರ್ಷದ 1600 ಸಿಸಿ ಹ್ಯಾಚ್‌ಬ್ಯಾಕಿನಲ್ಲಿ, ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಪೆಡಲೂ ಸ್ಟೀರಿಂಗೂ ನಡುಗುತ್ತವೆ. ಡಿಸ್ಕ್ ಬೆಂಡಾಗಿದೆ, ಲೇತಿಗೆ ಹಾಕಿಸಿ ಎನ್ನುತ್ತಾರೆ. ಹಾಕಿಸಲೇ?
– ಓದುಗರೊಬ್ಬರು, ಹಾಸನ

ಉತ್ತರ: ಡಿಸ್ಕ್ ನಿಜವಾಗಿ ಬೆಂಡಾಗುವುದು ಅಪರೂಪ. ಕಾದ ಬ್ರೇಕನ್ನು ಒತ್ತಿ ಹಿಡಿದು ಲಾರಿಗಳ ಸಾಲಿನಲ್ಲಿ ನಿಂತಾಗ ಪ್ಯಾಡಿನ ಪದಾರ್ಥ ಒಂದೇ ಕಡೆ ಅಂಟಿ, ಡಿಸ್ಕಿನ ದಪ್ಪ ಅಲ್ಲಲ್ಲಿ ವ್ಯತ್ಯಾಸವಾಗಿರುವ ಸಾಧ್ಯತೆಯೇ ಹೆಚ್ಚು. ಡಿಸ್ಕನ್ನು ಬಿಚ್ಚಿ ಹಬ್ಬಿನ ಮುಖದ ತುಕ್ಕನ್ನು ಕೆರೆದು ಮತ್ತೆ ಕೂರಿಸಿ, ಡಿಸ್ಕ್ ತಿರುಗುವಾಗಿನ ಓಲಾಟವನ್ನು ಡಯಲ್ ಗೇಜ್ ಎಂಬ ಅಳತೆಯ ಸಾಧನದಲ್ಲಿ ನೋಡಿಸಿ, 0.1 ಮಿ.ಮೀ. ಮೀರಿದರೆ ಮುಂದಿನ ಮಾತು. ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. ಲೇತಿನ ನಂತರ ಅದಕ್ಕಿಂತ ತೆಳುವಾಗುವುದಾದರೆ ಲೇತಿನ ಕೂಲಿಯೂ ದಂಡ, ಹೊಸ ಜೋಡಿಯನ್ನೇ ಹಾಕಿಸಿ.

ಪ್ರಶ್ನೆ: ತೇವ ಹೀರದ ಸಿಲಿಕೋನ್ ಬ್ರೇಕ್ ಆಯಿಲ್ ನಮ್ಮ ಮಳೆನಾಡಿಗೆ ಒಳ್ಳೆಯದಲ್ಲವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಅದು ನೀರನ್ನು ಹೀರುವುದಿಲ್ಲ, ನಿಜ. ಆದರೆ ಒಳಗೆ ಸೇರಿದ ನೀರು ಬೆರೆಯದೆ ಕ್ಯಾಲಿಪರಿನ ತಳದಲ್ಲಿ ಹಾಗೆಯೇ ನಿಂತು ಅಲ್ಲಿಯೇ ತುಕ್ಕು ಹಿಡಿಸುತ್ತದೆ. ಹಳೆಯ ಗ್ಲೈಕಾಲ್ ದ್ರವದೊಂದಿಗೂ ಅದು ಬೆರೆಯದು. ಎಲ್ಲ ರಬ್ಬರು, ಪೈಪುಗಳನ್ನು ಬದಲಿಸಿ ಒಣಗಿಸಿದ ಕಾರಿಗಾದರೆ ಯೋಚಿಸಬಹುದು. ಉಳಿದವರು ಡಾಟ್ 4 ಹಾಕಿಸಿ, ಎರಡು ವರ್ಷಕ್ಕೊಮ್ಮೆ, ಮಳೆ ಕಳೆದ ಮೇಲೆ ಪೂರ್ತಿ ಬದಲಿಸಿ.