ಪಾರ್ಶ್ವವಾಯುವಿನ ನಂತರ ಚೇತರಿಕೆಯ ಅಭ್ಯಾಸವನ್ನು ಯಾವಾಗ ಆರಂಭಿಸಬೇಕು?

ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿರುವ ತಂದೆಯವರನ್ನು ಮಡಿಕೇರಿಯ ಆಸ್ಪತ್ರೆಯಿಂದ ತೋಟದ ಮನೆಗೆ ಕರೆತಂದ ಮೇಲೆಯೇ ವ್ಯಾಯಾಮ ಆರಂಭಿಸಿದರೆ ಸಾಕೇ ಎಂದು ಕೇಳಿದ್ದೀರಿ. ಅಷ್ಟು ಕಾಯಬಾರದು. ರಕ್ತದೊತ್ತಡ ಮತ್ತು ಪ್ರಜ್ಞೆ ಸ್ಥಿರವಾಗಿದ್ದರೆ, ವೈದ್ಯರ ಒಪ್ಪಿಗೆಯ ಮೇರೆಗೆ, ಹಾಸಿಗೆಯ ಅಂಚಿನಲ್ಲಿ ಕೂರಿಸುವ ಅಭ್ಯಾಸವನ್ನು ಸಾಮಾನ್ಯವಾಗಿ ಲಕ್ವ ಹೊಡೆದ 24ರಿಂದ 48 ಗಂಟೆಗಳೊಳಗೆ ಆಸ್ಪತ್ರೆಯಲ್ಲೇ ತೊಡಗಿಸುತ್ತಾರೆ. ಆದರೆ ಮೊದಲ ದಿನವೇ ಪದೇ ಪದೇ ಎಬ್ಬಿಸಿ ನಡೆಸುವುದರಿಂದ ಚೇತರಿಕೆ ಕುಂಠಿತವಾಗಬಹುದೆಂದು ಲಕ್ವ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅವರ್ಟ್ (AVERT) ಎಂಬ ಅಧ್ಯಯನ ತೋರಿಸಿದೆ.

ನುಂಗುವ ಶಕ್ತಿಯನ್ನು ಪರೀಕ್ಷಿಸುವವರೆಗೆ ಬಾಯಿಗೆ ಏನನ್ನೂ ಕೊಡಬೇಡಿ. ನೀರು, ಬೆಲ್ಲದ ಕಾಫಿಯಂತಹ ತೆಳು ದ್ರವಗಳು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಹುದಾದ್ದರಿಂದ, ಪ್ರೀತಿಯಿಂದ ಲೋಟ ಹಿಡಿದು ಬರುವ ನೆಂಟರಿಗೂ ಇದನ್ನು ತಿಳಿಸಿರಬೇಕು.

ತಂದೆಯವರನ್ನು ಎಬ್ಬಿಸುವಾಗ ಸೋತ ಕೈಯನ್ನು ಹಿಡಿದೆಳೆಯಬಾರದು, ಭುಜದ ಕೀಲು ಜಾರಬಹುದು. ಅಂಗಿ ತೊಡುವಾಗ ಸೋತ ಕೈ ಮೊದಲು, ಕಳಚುವಾಗ ಕೊನೆಗೆ. ಊರುಗೋಲು ಎಡಗೈಯಲ್ಲಿರಲಿ. ಕೊಡಗಿನ ಮನೆಗಳಿಗೆ ಮೆಟ್ಟಿಲು ತಪ್ಪಿದ್ದಲ್ಲ: ಹತ್ತುವಾಗ ಬಲವಿರುವ ಕಾಲು, ಇಳಿಯುವಾಗ ಸೋತ ಕಾಲು ಮೊದಲು ಹೋಗಬೇಕು. ಮಳೆಗಾಲದಲ್ಲಿ ಪಾಚಿಗಟ್ಟುವ ಅಂಗಳದ ಬದಲು ಒಳಜಗಲಿಯಲ್ಲೇ ನಡೆಸಿ. ಬಚ್ಚಲಿಗೆ ಹಿಡಿಕಂಬಿಯನ್ನು ಅವರು ಬರುವ ಮೊದಲೇ ಹಾಕಿಸಿ.